ಎರಡನೇ ಕ್ಲಾಸಿನ ಲೆಕ್ಕ ಮತ್ತು ಪೊರಕೆ ಕಡ್ಡಿ

ಹೋದ ವಾರ ಪುಟ್ಟಿ ಮ್ಯಾಥ್ಸ್ ನೋಟ್‌ಬುಕ್ ತಿರುವಿ ಹಾಕ್ತಾ ಕೂತಿದ್ದೆ. ಈಗಿನ್ನೂ ಎರಡನೇ ಕ್ಲಾಸು, ಆಗ್ಲೇ ನಾಲ್ಕಂಕಿ ಕಳೆಯೋ ಲೆಕ್ಕ, ಪುಟದ ತುಂಬ ಕೆಂಪು ಟಿಕ್ಕು, ಕೆಳಗೊಂದು ಸ್ಟಾರ್. ಖುಷಿ ಆಯ್ತು. ನೋಡೋಣ ಅಂತ ಹಳೇ ಬಿಲ್ ಹಿಂದೆ 42ರಲ್ಲಿ 17 ಕಳಿ ಅಂತ ಬರ್ಕೊಟ್ಟೆ. 35 ಅಂತ ಬರೆದ್ಲು. ಹೇಗ್ ಬಂತು ಕಂದ ಅಂದ್ರೆ, "ದೊಡ್ಡದ್ರಲ್ಲಿ ಚಿಕ್ಕದು ಕಳೀಬೇಕಮ್ಮ, ಏಳರಲ್ಲಿ ಎರಡು ಹೋದ್ರೆ ಐದು, ನಾಲ್ಕರಲ್ಲಿ ಒಂದು ಹೋದ್ರೆ ಮೂರು." ಮತ್ತೆ ನೋಟ್‌ಬುಕ್ಕಲ್ಲಿ ಇರೋದು? ಅದು ಬೋರ್ಡ್ ನೋಡ್ಕೊಂಡು ಬರೆದಿದ್ದಂತೆ.

ಅವತ್ತು ರಾತ್ರಿ ನಂಗೆ ನಿದ್ದೆನೇ ಹತ್ಲಿಲ್ಲ. ತಪ್ಪು ಬರೆದ್ಲು ಅಂತಲ್ಲ, ಅವಳಿಗೆ ಗೊತ್ತಿಲ್ಲ ಅನ್ನೋದು ಸ್ಟಾರ್ ಹಾಕಿದೋರಿಗೂ ಗೊತ್ತಿಲ್ಲ, ಇಷ್ಟು ದಿನ ನನಗೂ ಗೊತ್ತಾಗ್ಲಿಲ್ಲ ಅಂತ.

ನಮ್ಮ ಕ್ಲಾಸ್ ವಾಟ್ಸಾಪ್ ಗ್ರೂಪಲ್ಲಿ ನಡೆಯೋ ಮಾತೇ ಬೇರೆ. ಪಕ್ಕದ ಲೇಔಟ್ ಸ್ಕೂಲಲ್ಲಿ 15ರ ಮಗ್ಗಿ ಮುಗಿಸಿದಾರೆ ನಮ್ಮಲ್ಲಿ ಯಾಕೆ ಇನ್ನೂ 10ಕ್ಕೇ ನಿಂತಿದೆ, ಲೆವೆಲ್ ಸಾಲ್ದು, ಅಬ್ಯಾಕಸ್ ಎಲ್ಲಿ ಚೆನ್ನಾಗಿದೆ, ಇದೇ. ಆದ್ರೆ 2021ರಲ್ಲಿ ಕೇಂದ್ರ ಸರ್ಕಾರ ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕದ ಬುನಾದಿಗೆ ಅಂತ ಶುರು ಮಾಡಿದ ನಿಪುಣ್ ಭಾರತ್‌ನಲ್ಲಿ ಎರಡನೇ ಕ್ಲಾಸಿಗೆ ಇಟ್ಟಿರೋ ಗುರಿ ಏನು ಗೊತ್ತಾ, 999ರ ತನಕ ಓದಿ ಬರೀಬೇಕು, 99ರ ತನಕದ ಸಂಖ್ಯೆಗಳನ್ನ ಕಳೆಯೋಕೆ ಬರ್ಬೇಕು, ಅಷ್ಟೇ. 9999 ಬರೋದು ಮೂರನೇ ಕ್ಲಾಸಿಗೆ. ಅಂದ್ರೆ ನಮ್ಮ ಮಕ್ಕಳು ನೋಟ್‌ಬುಕ್ಕಲ್ಲಿ ಒಂದು ವರ್ಷ ಮುಂದೆ ಇದಾರೆ, ತಲೇಲಿ ಎಲ್ಲಿದಾರೆ ಅಂತ ಯಾರೂ ಕೇಳ್ತಿಲ್ಲ.

ನಮ್ಮತ್ತಿಗೆ ಸರ್ಕಾರಿ ಶಾಲೆ ಟೀಚರ್, ಆಟ, ಚಟುವಟಿಕೆ ಮಾಡಿಸ್ತಾ ಕಲಿಸೋ ನಲಿಕಲಿ ಕ್ಲಾಸನ್ನ ವರ್ಷಗಟ್ಟಲೆ ತಗೊಂಡವ್ರು. ಫೋನ್ ಮಾಡಿದ್ರೆ ಒಂದೇ ಮಾತು ಹೇಳಿದ್ರು, "ಪೆನ್ಸಿಲ್ ಕಿತ್ಕೊಂಡು ಕಡ್ಡಿ ಕೊಡು." ತೆಂಗಿನ ಪೊರಕೆ ಕಡ್ಡಿ ಬೆರಳುದ್ದ ಮುರಿದು ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿದ್ವಿ. 42 ಅಂದ್ರೆ ನಾಲ್ಕು ಕಟ್ಟು, ಎರಡು ಬಿಡಿ. ಈಗ 17 ಕೊಡು ಅಂದೆ. ಒಂದು ಕಟ್ಟು ಕೊಟ್ಲು, ಎರಡು ಬಿಡಿ ಕೊಟ್ಲು, ನಿಂತ್ಬಿಟ್ಲು. ಇನ್ನೂ ಐದು ಬೇಕಲ್ಲ. ನಾನು ಬಾಯಿ ಬಿಡ್ಲಿಲ್ಲ, ಕಷ್ಟಪಟ್ಟು ಸುಮ್ನಿದ್ದೆ. ಸ್ವಲ್ಪ ಹೊತ್ತು ನನ್ ಮುಖ ನೋಡಿ, ಬಿಚ್ಲಾ ಅಂದ್ಲು. ಬಿಚ್ಚಿದ್ಲು. ಐದು ಎಣಿಸಿ ಕೊಟ್ಲು. ಎರಡು ಕಟ್ಟು ಐದು ಬಿಡಿ ಉಳೀತು, ಇಪ್ಪತ್ತೈದು!

ಆಮೇಲೆ ಕೇಳಿದ್ದು ನೋಡಿ, "ಅಮ್ಮ, ಮಿಸ್ಸು ಪಕ್ಕದ್ಮನೆಯಿಂದ ಸಾಲ ತಗೊಳ್ಳಿ ಅಂತಾರಲ್ಲ, ಇದು ನಮ್ದೇ ಕಟ್ಟಲ್ವಾ? ಸಾಲ ಆದ್ರೆ ವಾಪಸ್ ಯಾಕೆ ಕೊಡಲ್ಲ?" ನಾನೂ ಚಿಕ್ಕೋಳಿದ್ದಾಗ ಪಕ್ಕದ್ಮನೆ ಸಾಲ ಅಂತಾನೇ ಕಲ್ತಿದ್ದು, ಒಂದಿನಾನೂ ಈ ಪ್ರಶ್ನೆ ಹೊಳೆದಿರ್ಲಿಲ್ಲ.

ಶನಿವಾರ ಪೇರೆಂಟ್ಸ್ ಮೀಟಿಂಗಲ್ಲಿ ಮಿಸ್ ಹತ್ರ ಇದನ್ನೆಲ್ಲ ಹೇಳ್ದೆ. ಒಳ್ಳೆಯವ್ರು, ಕೋಪ ಮಾಡ್ಕೊಳ್ಲಿಲ್ಲ. ನಲವತ್ತು ಮಕ್ಕಳು ಮೇಡಂ, ವರ್ಕ್‌ಬುಕ್ ಇಷ್ಟು ಪುಟ ಈ ತಿಂಗಳೇ ಮುಗೀಬೇಕು, ನಿಧಾನ ಮಾಡಿದ್ರೆ ಪೇರೆಂಟ್ಸೇ ಕಂಪ್ಲೇಂಟ್ ಕೊಡ್ತಾರೆ ಅಂದ್ರು. ಅವ್ರ ಮೇಲೆ ನಂಗೆ ಬೇಜಾರಿಲ್ಲ, ಆ ಕಂಪ್ಲೇಂಟ್ ಕೊಡೋದು ನಮ್ಮ ಗ್ರೂಪೇ ತಾನೆ. ನಾಲ್ಕಂಕಿ ಲೆಕ್ಕ ಒಂದು ತಿಂಗಳು ಮುಂದಕ್ಕೆ ಹಾಕಿ, ಎರಡಂಕಿ ಲೆಕ್ಕಾನ ಕೈಯಲ್ಲಿ ಮಾಡಿಸಿ, ಬರದೇ ಇದ್ರೆ ಸ್ಟಾರ್ ಹಾಕ್ಬೇಡಿ ಅಂತ ಕೇಳ್ಕೊಂಡೆ. ಕೋಆರ್ಡಿನೇಟರ್ ಹತ್ರ ಮಾತಾಡಿ ಹೇಳ್ತೀನಿ ಅಂದಿದಾರೆ. ಇನ್ನಿಬ್ರು ಅಮ್ಮಂದಿರು ನನ್ ಜೊತೆ ಸಹಿ ಹಾಕ್ತೀನಿ ಅಂದಿದಾರೆ, ಲೆಟರ್ ಇವತ್ತು ಬರೀತಿದೀನಿ. ಪುಟ್ಟಿ ನಾಳೆ ಬ್ಯಾಗಲ್ಲಿ ಕಡ್ಡಿ ಕಟ್ಟು ತಗೊಂಡು ಹೋಗ್ತಾಳಂತೆ, ಪಕ್ಕದಲ್ಲಿ ಕೂರೋ ಫ್ರೆಂಡಿಗೂ 35 ಬರ್ತಿದ್ಯಂತೆ.