ಒಂದು ವಾರಕ್ಕೆ ಎಷ್ಟು ಪುಸ್ತಕ ತರಬೇಕು?

ಲೈಬ್ರರಿ ಕಾರ್ಡ್ ಮಾಡಿಸಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: "ಆಸೆಪಟ್ಟು ನಾಲ್ಕೈದು ಪುಸ್ತಕ ತರುತ್ತೇವೆ, ಅರ್ಧಕ್ಕರ್ಧ ಓದದೆಯೇ ವಾಪಸ್ ಹೋಗುತ್ತವೆ. ವಾರಕ್ಕೆ ಎಷ್ಟು ತರಬೇಕು, ಹೇಗೆ ಆರಿಸಬೇಕು?"

ಮೊದಲು ಪುಟಗಳ ಲೆಕ್ಕ ಹಾಕಿಕೊಳ್ಳಿ. ನೀವು ದಿನಾ ಓದುವ ಜಾಗದಲ್ಲಿ, ದಿನಾ ಓದುವ ಹೊತ್ತಿನಲ್ಲೇ ಗಡಿಯಾರ ಇಟ್ಟುಕೊಂಡು 20 ನಿಮಿಷ ಓದಿ. 10 ಪುಟ ಆಯಿತು ಅಂದುಕೊಳ್ಳೋಣ, ಅಂದರೆ ಗಂಟೆಗೆ 30. ದಿನಕ್ಕೆ ಮುಕ್ಕಾಲು ಗಂಟೆ ಸಿಗುತ್ತದೆ ಎಂದಾದರೆ ಅದನ್ನು ಏಳರಿಂದಲ್ಲ, ಐದರಿಂದ ಗುಣಿಸಿ. ವಾರದಲ್ಲಿ ಎರಡು ದಿನ ಏನೋ ಒಂದು ಅಡ್ಡ ಬಂದೇ ಬರುತ್ತದೆ. ಒಟ್ಟು ಮೂರೂಮುಕ್ಕಾಲು ಗಂಟೆ, ಸುಮಾರು 112 ಪುಟ. 300 ಪುಟದ ಕಾದಂಬರಿಗೆ ಹೆಚ್ಚುಕಡಿಮೆ ಮೂರು ವಾರ ಬೇಕು ಎಂಬುದು ಇಲ್ಲೇ ಗೊತ್ತಾಗಿಬಿಡುತ್ತದೆ. ಅಂಥದ್ದನ್ನು ತರುವುದೇ ಆದರೆ ಕೌಂಟರ್‌ನಲ್ಲೇ ಎಷ್ಟು ಸಲ ರಿನ್ಯೂ ಮಾಡಿಸಬಹುದು, ಬೇರೆ ಯಾರಾದರೂ ಕಾಯ್ದಿರಿಸಿದ್ದಾರಾ ಎಂದು ಕೇಳಿಕೊಳ್ಳಿ. ವಿಜ್ಞಾನ, ತತ್ತ್ವಶಾಸ್ತ್ರದಂಥ ಪುಸ್ತಕಕ್ಕೆ ಇದೇ ವೇಗ ನಂಬಬೇಡಿ, ಅದರಲ್ಲೂ ಎರಡು ಪುಟ ಓದಿ ಬೇರೆ ಲೆಕ್ಕ ತೆಗೆಯಿರಿ.

ಸಂಖ್ಯೆ ಹೇಳಲೇಬೇಕು ಎಂದರೆ ಮೂರು. ಒಂದು ಮುಖ್ಯ ಪುಸ್ತಕ, ನಿಮ್ಮ ವಾರದ ಪುಟಗಳಲ್ಲಿ ಬಹುಪಾಲು ಅದಕ್ಕೆ. ಎರಡನೆಯದು ಸಣ್ಣಕಥೆ ಅಥವಾ ಪ್ರಬಂಧಗಳ ಸಂಕಲನ, ದಣಿದ ರಾತ್ರಿಗೆ. ಅದನ್ನು ಪೂರ್ತಿ ಓದಿ ಮುಗಿಸಬೇಕೆಂದಿಲ್ಲ, ಪರಿವಿಡಿ ನೋಡಿ ಮೂರು ಬರಹಕ್ಕೆ ಗುರುತು ಹಾಕಿಕೊಂಡರೆ ಸಾಕು. ಮೂರನೆಯದು 100 ಪುಟದೊಳಗಿನ ತೆಳು ಪುಸ್ತಕ. ಮುಖ್ಯ ಪುಸ್ತಕ ಕೈಕೊಟ್ಟರೆ ವಾರ ಖಾಲಿ ಹೋಗದಿರಲಿ ಎಂದು. ಮೂರೂ ಒಂದೇ ಬಗೆಯವಾದರೆ ಒಂದು ಬೇಸರವಾದ ದಿನ ಮೂರೂ ಬೇಸರವಾಗುತ್ತವೆ.

ಇನ್ನು ಕಪಾಟಿನ ಮುಂದೆ. ಬಹಳ ಲೈಬ್ರರಿಗಳು ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ, ವಿಷಯಕ್ಕೊಂದು ಸಂಖ್ಯೆ ಕೊಡುವ ದಶಮಾಂಶ ವರ್ಗೀಕರಣವನ್ನೇ ಬಳಸುತ್ತವೆ. ಪುಸ್ತಕದ ಬೆನ್ನಿನ ಚೀಟಿಯಲ್ಲಿ 598 ಇದ್ದರೆ ಹಕ್ಕಿಗಳು, 641.5 ಇದ್ದರೆ ಅಡುಗೆ. ಹುಡುಕುವವರು ಎಡವುವುದು ಚುಕ್ಕೆಯ ಆಚೆ. ಗುರುಗ್ರಹದ ಪುಸ್ತಕ 523.45, ನಕ್ಷತ್ರಗಳದ್ದು 523.8. ನಲವತ್ತೈದು ಎಂಟಕ್ಕಿಂತ ದೊಡ್ಡದು ಎಂದುಕೊಂಡವರು ಗುರುವನ್ನು ನಕ್ಷತ್ರಗಳ ಬಲಕ್ಕೆ ಹುಡುಕುತ್ತಾರೆ, ಸಿಗುವುದಿಲ್ಲ. ಇದು ದಶಮಾಂಶ, ಒಂದೊಂದೇ ಅಂಕಿ ಹೋಲಿಸಬೇಕು: ನಾಲ್ಕು ಎಂಟಕ್ಕಿಂತ ಮೊದಲು, ಹಾಗಾಗಿ ಗುರು ಎಡಕ್ಕೆ.

ಕತೆ ಕಾದಂಬರಿಯನ್ನು ಬೆನ್ನುಡಿ ನೋಡಿ ಆರಿಸಬೇಡಿ, ಅದು ಮಾರಾಟಕ್ಕೆ ಬರೆದದ್ದು. ಮೊದಲ ಪುಟವನ್ನೂ ಪೂರ್ತಿ ನೆಚ್ಚಬೇಡಿ, ಲೇಖಕರು ಎಲ್ಲಕ್ಕಿಂತ ಹೆಚ್ಚು ತಿದ್ದುವುದು ಅದನ್ನೇ. ನಡುವೆ ಎಲ್ಲಾದರೂ ತೆರೆದು ನಿಂತಲ್ಲೇ ಎರಡು ಪುಟ ಓದಿ. ಪಾತ್ರಗಳು ಯಾರೆಂದೇ ತಿಳಿಯದಿದ್ದರೂ ಮೂರನೇ ಪುಟಕ್ಕೆ ಕೈ ತಾನಾಗಿ ಹೋದರೆ ತನ್ನಿ.

ವಿಷಯದ ಪುಸ್ತಕಕ್ಕೆ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ. ವಲಸೆ ಹಕ್ಕಿಗಳು ರಾತ್ರಿ ಹೊತ್ತು ದಾರಿ ಹೇಗೆ ಕಂಡುಕೊಳ್ಳುತ್ತವೆ ಎಂಬುದು ಪ್ರಶ್ನೆ ಎಂದುಕೊಳ್ಳಿ. 598ರ ಸಾಲಿನಿಂದ ಎರಡು ಪುಸ್ತಕ ತೆಗೆದು ಕೊನೆಯ ಪದಸೂಚಿ ನೋಡಿ. ಒಂದರಲ್ಲಿ 'ವಲಸೆ: 12, 77, 130' ಎಂದಿದೆ, ಇನ್ನೊಂದರಲ್ಲಿ 'ವಲಸೆ: 41-58'. ಮೊದಲನೆಯದರಲ್ಲಿ ಮಾತು ಅಲ್ಲಲ್ಲಿ ಬಂದು ಹೋಗಿದೆ ಅಷ್ಟೆ, ಎರಡನೆಯದರಲ್ಲಿ ವಲಸೆಗೆಂದೇ 18 ಪುಟ ಇವೆ. ಆ ಪುಟಗಳನ್ನು ತೆರೆದು ನಕ್ಷತ್ರ, ಭೂಮಿಯ ಕಾಂತಕ್ಷೇತ್ರದ ಮಾತು ಇದೆಯಾ ನೋಡಿ. ಇದ್ದರೆ ಉತ್ತರ ಅಲ್ಲಿದೆ. ಕನ್ನಡದ ಎಷ್ಟೋ ಪುಸ್ತಕಗಳಿಗೆ ಪದಸೂಚಿಯೇ ಇರುವುದಿಲ್ಲ, ಅದು ದೊಡ್ಡ ಕೊರತೆಯೇ ಸರಿ. ಆಗ ಪರಿವಿಡಿಯಲ್ಲಿ ಅಧ್ಯಾಯ ಹಿಡಿದು ಒಳಗಿನ ಉಪಶೀರ್ಷಿಕೆಗಳ ಮೇಲೆ ಕಣ್ಣಾಡಿಸಬೇಕು.

ವೈದ್ಯಕೀಯ, ಕಾನೂನು, ಕಂಪ್ಯೂಟರ್ ಪುಸ್ತಕವಾದರೆ ಮುದ್ರಣದ ವಿವರ ಇರುವ ಪುಟ ನೋಡದೆ ತರಬೇಡಿ. 'ಮರುಮುದ್ರಣ' ಎಂದರೆ ಹಳೆಯ ಪಠ್ಯವನ್ನೇ ಮತ್ತೆ ಅಚ್ಚು ಹಾಕಿದ್ದು. ಇಸವಿ ಹೊಸದಿದ್ದರೂ ಮಾಹಿತಿ ಹಳೆಯದೇ. 'ಪರಿಷ್ಕೃತ ಆವೃತ್ತಿ' ಎಂದಿರುವ ಇಸವಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಕೌಂಟರ್‌ಗೆ ಹೋಗುವ ಮುಂಚೆ ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರ ಬಿಡುತ್ತಾ ಪುಟಸಂಖ್ಯೆ ನೋಡಿ. ಪುಸ್ತಕ ಅಚ್ಚಾಗುವುದು ಫಾರಂ (ಅಚ್ಚಾದ ಮೇಲೆ ಮಡಚುವ ದೊಡ್ಡ ಹಾಳೆ) ಲೆಕ್ಕದಲ್ಲಿ, ಸಾಮಾನ್ಯವಾಗಿ ಒಂದಕ್ಕೆ 8 ಅಥವಾ 16 ಪುಟ. ಬೈಂಡಿಂಗ್‌ನಲ್ಲಿ 16 ಪುಟದ ಒಂದು ಫಾರಂ ತಪ್ಪಿದರೆ 32 ಆದಮೇಲೆ ನೇರ 49 ಬರುತ್ತದೆ. ಪತ್ತೇದಾರಿ ಕಾದಂಬರಿಯಾದರೆ ಕೊನೆಯ ಹಾಳೆ ಮೊದಲು ನೋಡಿ (ಓದಬೇಡಿ, ಇದೆಯಾ ಎಂದಷ್ಟೇ), ಹೊರಗಿನ ಹಾಳೆಗಳೇ ಮೊದಲು ಉದುರುವುದು. ಲೋಪ ಕಂಡರೆ ಆಗಲೇ ಸಿಬ್ಬಂದಿಗೆ ತೋರಿಸಿ, ಹಿಂದಿರುಗಿಸುವಾಗ ಹೇಳಿದರೆ ಹರಿದದ್ದು ನೀವೇ ಎಂದಾಗಬಹುದು. ಸಡಿಲವಾದ ಹಾಳೆಗೆ ಮನೆಯಲ್ಲಿ ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ. ಅದರ ಅಂಟು ಕ್ರಮೇಣ ಹಳದಿಗಟ್ಟಿ ಕಾಗದಕ್ಕೆ ಇಳಿಯುತ್ತದೆ, ಆಮೇಲೆ ಸರಿಮಾಡುವುದು ಬಲು ಕಷ್ಟ.

ಏನೂ ತೋಚದಿದ್ದರೆ ಗ್ರಂಥಪಾಲಕರನ್ನು ಕೇಳಿ. ಓದುಗನ ಸಮಯ ಉಳಿಸಬೇಕು ಎಂಬುದು ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು, ಅದು ಗ್ರಂಥಪಾಲಕರ ಕೆಲಸವೇ. ಆದರೆ "ಒಳ್ಳೆಯ ಪುಸ್ತಕ ಕೊಡಿ" ಎಂದರೆ ಅವರಾದರೂ ಏನು ಕೊಟ್ಟಾರು? ಇಷ್ಟಪಟ್ಟು ಮುಗಿಸಿದ ಎರಡು ಪುಸ್ತಕ ಹೇಳಿ, ಅರ್ಧಕ್ಕೆ ಬಿಟ್ಟ ಒಂದನ್ನೂ ಹೇಳಿ, ಯಾಕೆ ಬಿಟ್ಟಿರಿ ಎಂದು ಸೇರಿಸಿ. ಬಿಟ್ಟದ್ದರಿಂದಲೇ ಅವರಿಗೆ ಹೆಚ್ಚು ಸುಳಿವು ಸಿಗುತ್ತದೆ.

ತಂದ ದಿನ ರಾತ್ರಿಯೇ ಮೂರನ್ನೂ ತೆರೆದು ಹತ್ತತ್ತು ಪುಟ ಓದಿಬಿಡಿ. ಮೂರನೇ ದಿನದ ಹೊತ್ತಿಗೂ ಮುಖ್ಯ ಪುಸ್ತಕ 40 ಪುಟ ದಾಟದಿದ್ದರೆ ಪಕ್ಕಕ್ಕಿಟ್ಟು ತೆಳುವಾದದ್ದನ್ನು ಕೈಗೆತ್ತಿಕೊಳ್ಳಿ. ಅರ್ಧಕ್ಕೆ ನಿಂತದ್ದನ್ನು ಹಿಂದಿರುಗಿಸುವ ಮುಂಚೆ ಬೆನ್ನಿನ ಸಂಖ್ಯೆಯನ್ನೂ ನಿಂತ ಪುಟವನ್ನೂ ಒಂದು ಚೀಟಿಯಲ್ಲಿ ಬರೆದು ಲೈಬ್ರರಿ ಕಾರ್ಡಿನ ಹಿಂದೆ ಸಿಕ್ಕಿಸಿಡಿ.