ಉತ್ತರ ಬಂದುಬಿಟ್ಟ ಪ್ರಶ್ನೆ

"ಇಲ್ಲಮ್ಮ, ನಾನೂ ಹುಡುಕಿ ಸಾಕಾಗಿ ಬಿಟ್ಟುಬಿಟ್ಟೆ." ಶನಿವಾರ ಸಂಜೆಯಿಂದ ಈ ಮಾತು ತಲೆಯೊಳಗೆ ಸುತ್ತುತ್ತಲೇ ಇದೆ.

ನಗರದ ನಡುವಿನ ಆ ಪುಟ್ಟ ರಂಗಮಂದಿರದಲ್ಲಿ ಪರದೆಯೂ ಇಲ್ಲ, ಎತ್ತರದ ವೇದಿಕೆಯೂ ಇಲ್ಲ. ಕಪ್ಪು ಬಳಿದ ಗೋಡೆ, ಮೂರು ಬದಿಗೆ ಕುರ್ಚಿಗಳು, ನಡುವೆ ನಟರು, ಅಷ್ಟೆ. ನಾಟಕದಲ್ಲಿ ಕಾಣೆಯಾದ ಅಣ್ಣನ ಅಂಗಿ ಹಿಡಿದು ತಂಗಿ ಅಲೆಯುತ್ತಾಳೆ. ಆ ಪಾತ್ರದ ನಟಿ ಮುಂದಿನ ಸಾಲಿನ ಹಿರಿಯರೊಬ್ಬರ ಎದುರು ನಿಂತು, "ನಮ್ಮಣ್ಣನನ್ನು ಎಲ್ಲಾದರೂ ನೋಡಿದ್ದೀರಾ?" ಎಂದು ಕೇಳಿದಳು. ಕೇಳಿ ಪಕ್ಕದ ಕುರ್ಚಿಗೆ ಸರಿಯಬೇಕಿತ್ತು. ಹಿರಿಯರು ಉತ್ತರಿಸಿಬಿಟ್ಟರು.

ಅಂಗಿಯ ಗುಂಡಿಯನ್ನು ತಿರುವುತ್ತಿದ್ದ ಅವಳ ಬೆರಳು ನಿಂತಿತು. ಬೆಳಕು ಆಗಲೇ ಪಕ್ಕದ ಕುರ್ಚಿಯತ್ತ ಹೊರಟಿತ್ತು. ಅದನ್ನು ನಡೆಸುತ್ತಿದ್ದ ಹುಡುಗ ಅರ್ಧಕ್ಕೇ ತಡೆದು ಮೆಲ್ಲಗೆ ಹಿಂದಕ್ಕೆ ತಂದ. "ಯಾರನ್ನು?" ಎಂದಳು ನಟಿ. "ಮಗನನ್ನು" ಎಂದರು. ಅವಳು ಅವರ ಕಾಲ ಬಳಿ ನೆಲದ ಮೇಲೆ ಕುಳಿತಳು. ಅಂಗಿಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು, ನಾಟಕದ ಮುಂದಿನ ಮಾತನ್ನು ಅಲ್ಲಿಂದಲೇ ಅವರೊಬ್ಬರಿಗೇ ಎಂಬಂತೆ ಹೇಳಿದಳು. ಒಂದಕ್ಷರ ಬದಲಾಗಿರಲಿಲ್ಲ, ಆದರೆ ಮಾತಿನ ತೂಕವೇ ಬೇರೆಯಾಗಿತ್ತು.

ನನ್ನ ಪಕ್ಕದವರು, "ಇದೂ ನಾಟಕದ್ದೇ ಇರಬೇಕು" ಎಂದು ಪಿಸುಗುಟ್ಟಿದರು. ನನಗೆ ಸಿಟ್ಟು ಬಂತು. ಒಬ್ಬ ಮನುಷ್ಯ ಎದೆ ಬಿಚ್ಚಿದಾಗ ಅದು ಮೊದಲೇ ಗೊತ್ತುಮಾಡಿದ್ದೋ ಅಲ್ಲವೋ ಎಂದು ಲೆಕ್ಕ ಹಾಕುವುದು ಎಂಥ ಬಡತನ!

ಪ್ರಯೋಗಶೀಲ ನಾಟಕ ಎಂದರೆ ಅರ್ಥವಾಗದ್ದು, ಮುಖಕ್ಕೆ ಬಿಳಿ ಬಳಿದುಕೊಂಡು ಚೀರುವುದು ಎಂದು ಮೂಗು ಮುರಿಯುವವರು ಅಲ್ಲಿರಬೇಕಿತ್ತು. 1959ರಲ್ಲಿ ಪೋಲೆಂಡಿನ ಓಪೋಲೆ ಎಂಬ ಊರಿನಲ್ಲಿ, ಹದಿಮೂರು ಸಾಲುಗಳ ಒಂದು ಸಣ್ಣ ರಂಗಮಂದಿರದಲ್ಲಿ ಕೆಲಸ ಆರಂಭಿಸಿದ ರಂಗನಿರ್ದೇಶಕ ಗ್ರೊಟೋವ್ಸ್ಕಿ ಮುಂದೆ ಕಂಡುಕೊಂಡದ್ದು ಇದನ್ನೇ. ರಂಗಸಜ್ಜಿಕೆ, ಪ್ರಸಾಧನ, ಬೆಳಕಿನ ಚಮತ್ಕಾರ ಎಲ್ಲವನ್ನೂ ತೆಗೆದರೂ ನಾಟಕ ಉಳಿಯುತ್ತದೆ. ನಟ ಮತ್ತು ಪ್ರೇಕ್ಷಕನ ನಡುವಿನ ಜೀವಂತ ಸಂಬಂಧವನ್ನು ತೆಗೆದರೆ ಉಳಿಯುವುದಿಲ್ಲ. ಕಲ್ಕತ್ತೆಯಲ್ಲಿ ನಾಟಕಕಾರ ಬಾದಲ್ ಸರ್ಕಾರ್, ಪ್ರೇಕ್ಷಕರನ್ನು ಎದುರಿಗೆ ಮಾತ್ರ ಕೂರಿಸುವ ಚೌಕಟ್ಟಿನ ರಂಗಭೂಮಿಯನ್ನು ಬಿಟ್ಟು, ಪ್ರೇಕ್ಷಕರ ನಡುವೆಯೇ ಆಡುವ ಅಂಗನಮಂಚಕ್ಕೆ ಬಂದದ್ದೂ ಪ್ರೇಕ್ಷಕರನ್ನು ಕತ್ತಲೆಯಿಂದ ಹೊರತರಲಿಕ್ಕೆ. ಕತ್ತಲೆಯಲ್ಲಿ ಕುಳಿತವನನ್ನು ನಟ ಕಾಣಲಾರ. ಕಾಣದವನನ್ನು ಕೇಳುವ ಪ್ರಶ್ನೆಗೆ ಯಾರೂ ಉತ್ತರಿಸುವುದಿಲ್ಲ. ದೊಡ್ಡ ಸಭಾಂಗಣದಲ್ಲಾಗಿದ್ದರೆ ಆ ಹಿರಿಯರ ದನಿ ಮೂರನೆಯ ಸಾಲಿಗೂ ಮುಟ್ಟುತ್ತಿರಲಿಲ್ಲ. ಇಷ್ಟು ಕಡಿಮೆ ಕುರ್ಚಿಗಳಿಂದ ಏನು ಗಿಟ್ಟುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ ಆ ಹಿರಿಯರು.

ನಟಿಯ ಬಗ್ಗೆಯೂ ಹೇಳಲೇಬೇಕು. ತಾಲೀಮಿನಲ್ಲಿ ಮಾತು ಕಲಿಯುವವರು ಬಹಳ ಮಂದಿ, ಕೇಳಿಸಿಕೊಳ್ಳಲು ಕಲಿತವರು ಕಡಿಮೆ. ಅವಳು ಕಲಿತಿದ್ದಾಳೆ.

ಪ್ರದರ್ಶನದ ನಂತರದ ಸಂವಾದದಲ್ಲಿ ಒಬ್ಬರು, ಇದರಿಂದ ನಾಟಕದ ಓಟ ಮುರಿಯಿತು, ಆ ಪ್ರಶ್ನೆಯನ್ನೇ ಕೈಬಿಡಬಾರದೇಕೆ ಎಂದರು. ಹಿರಿಯರು ಇನ್ನೂ ಅಲ್ಲೇ ಕುಳಿತಿದ್ದರು ಎಂಬ ಪರಿವೆಯೂ ಅವರಿಗಿರಲಿಲ್ಲ. ನಿರ್ದೇಶಕಿ ತುಸು ಯೋಚಿಸಿ ಹೇಳಿದರು: "ಪ್ರಶ್ನೆ ಇರುತ್ತದೆ. ಬೆಳಕಿನ ಹುಡುಗನಿಗೆ ಮಾತ್ರ ಇನ್ನು ಮೇಲೆ ಅಲ್ಲಿ ಕಾಯಲು ಹೇಳುತ್ತೇನೆ."