ಪಂಪು ತಿರುಗುತ್ತಿತ್ತು, ನೀರು ಹರಿಯುತ್ತಿರಲಿಲ್ಲ

ಮೇ ತಿಂಗಳು, ಲಗ್ನಗಳ ಕಾಲ. ಮೂರು ಮದುವೆಗಳ ವಿಡಿಯೊ ಎಡಿಟಿಂಗ್ ಒಟ್ಟಿಗೆ ಕೈಯಲ್ಲಿತ್ತು. ಒಂದನ್ನು ರೆಂಡರ್‌ಗೆ, ಅಂದರೆ ಎಡಿಟ್ ಮಾಡಿದ್ದನ್ನೆಲ್ಲ ಒಂದೇ ವಿಡಿಯೊ ಆಗಿ ಕಟ್ಟುವ ಕೆಲಸಕ್ಕೆ, ಹಾಕಿ ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ, ಎಂದೂ ಸದ್ದು ಮಾಡದ ನನ್ನ ಕಂಪ್ಯೂಟರ್‌ನ ಫ್ಯಾನುಗಳು ಹೋ ಎಂದು ಕೂಗುತ್ತಿದ್ದವು. ಪರದೆಯ ಮೂಲೆಯಲ್ಲಿ ಪ್ರೊಸೆಸರ್‌ನ ಉಷ್ಣಾಂಶ 90 ಡಿಗ್ರಿ. ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕಾದ ಕೆಲಸಕ್ಕೆ ಇನ್ನೂ ಒಂದೂವರೆ ಗಂಟೆ ಬಾಕಿ ಎಂದು ತೋರಿಸುತ್ತಿತ್ತು.

ಈ ಕಂಪ್ಯೂಟರನ್ನು ಎರಡು ವರ್ಷದ ಹಿಂದೆ ನಾನೇ ಜೋಡಿಸಿದ್ದು. ಒಳಗಿರುವುದು ಹದಿನಾರು ಕೋರುಗಳ ರೈಜನ್ 9 5950ಎಕ್ಸ್ ಪ್ರೊಸೆಸರ್, ಅದನ್ನು ತಣ್ಣಗಿಡಲು ಟ್ಯೂಬುಗಳಲ್ಲಿ ಸುತ್ತುವ ನೀರು. ಪೂರ್ತಿ ಹೊರೆ ಬಿದ್ದಾಗ 142 ವ್ಯಾಟ್‌ವರೆಗೆ ವಿದ್ಯುತ್ ಎಳೆಯುತ್ತದೆ. ಅದಕ್ಕೆ ಹಾಕಿರುವ ಉಷ್ಣಾಂಶದ ಮಿತಿ 90 ಡಿಗ್ರಿ. ಆ ಮಿತಿ ಮುಟ್ಟಿದ ಕೂಡಲೇ ಸುಟ್ಟುಹೋಗದಂತೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ನನ್ನ ರೆಂಡರ್ ತೆವಳುತ್ತಿದ್ದದ್ದು ಅದಕ್ಕೇ.

ಮದುವೆ ವಿಡಿಯೊಗೆ ನೀರಿನ ಕೂಲಿಂಗ್ ಯಾಕೆ ಎಂದು ಎಷ್ಟೋ ಜನ ಕೇಳಿದ್ದಾರೆ. ನನ್ನ ಎಡಿಟಿಂಗ್ ಕೋಣೆ ಒಂಬತ್ತಡಿ ಹತ್ತಡಿ. ಓಲಗದ ಸದ್ದಿನ ನಡುವೆ ಹೆಣ್ಣಿನ ತಾಯಿ ಮೆಲ್ಲಗೆ ಆಡಿದ ಒಂದು ಮಾತನ್ನು ಹಿಡಿದು ಮೇಲೆತ್ತಬೇಕಾದರೆ ಪಕ್ಕದಲ್ಲಿ ಫ್ಯಾನು ಗುಂಯ್‌ಗುಡಬಾರದು. ಮೂರು ದೊಡ್ಡ ಫ್ಯಾನು ನಿಧಾನವಾಗಿ ತಿರುಗುತ್ತ ನೀರಿನ ಬಿಸಿಯನ್ನು ಗಾಳಿಗೆ ಬಿಡುವ 360 ಮಿಲಿಮೀಟರ್ ರೇಡಿಯೇಟರ್, ನೀರನ್ನು ಸುತ್ತಿಸುವ ಒಂದು ಡಿ5 ಪಂಪ್, ಗಾಜಿನಂಥ ಚಿಕ್ಕ ಟ್ಯಾಂಕ್, ಪ್ರೊಸೆಸರ್ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ವಾಟರ್ ಬ್ಲಾಕ್, ಇವನ್ನೆಲ್ಲ ಜೋಡಿಸುವ ಪಾರದರ್ಶಕ ಟ್ಯೂಬು, ಇಷ್ಟೇ ನನ್ನ ಏರ್ಪಾಡು. ಗ್ರಾಫಿಕ್ಸ್ ಕಾರ್ಡ್ ಇದರಲ್ಲಿ ಸೇರಿಲ್ಲ, ಅದಕ್ಕೆ ಅದರದೇ ಫ್ಯಾನುಗಳಿವೆ.

ಮೊದಲು ದೂರಿದ್ದು ಬಿಸಿಲನ್ನು. ದಾವಣಗೆರೆಯ ಮೇ ತಿಂಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ನನ್ನ ಕೋಣೆಯೇ 34 ಡಿಗ್ರಿ ದಾಟುತ್ತದೆ. ರೇಡಿಯೇಟರ್ ಎಷ್ಟೇ ದೊಡ್ಡದಿದ್ದರೂ ನೀರು ಕೋಣೆಯ ಗಾಳಿಗಿಂತ ತಣ್ಣಗಾಗುವುದಿಲ್ಲ. ಜೊತೆಗೆ ಧೂಳು ಇರಬಹುದೆಂದು ಫ್ಯಾನು ಬಿಚ್ಚಿ ಬ್ಲೋವರ್ ಹಿಡಿದೆ. ಒಂದು ಹಿಡಿ ಧೂಳು ಬಂತು, ಉಷ್ಣಾಂಶ ಇಳಿಯಲಿಲ್ಲ. ಮರುದಿನ ಬ್ಲಾಕ್ ಎತ್ತಿ, ಅದಕ್ಕೂ ಪ್ರೊಸೆಸರಿಗೂ ನಡುವೆ ಬಿಸಿ ದಾಟಲೆಂದು ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸಿದೆ. ಅದೂ ಪ್ರಯೋಜನಕ್ಕೆ ಬರಲಿಲ್ಲ. ಎರಡು ಸಂಜೆ ಹೀಗೇ ಹೋದವು, ಮದುವೆ ಮನೆಯವರ ಫೋನು ಬೇರೆ ಬರುತ್ತಿತ್ತು.

ಅಂದು ಅಪ್ಪ ಚನ್ನಗಿರಿ ಕಡೆಯ ತೋಟದಿಂದ ಬಂದಿದ್ದರು. ಕ್ಯಾಬಿನೆಟ್ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದ ನನ್ನನ್ನು ನೋಡಿ, "ನೀರು ಸರಿಯಾಗಿ ಓಡುತ್ತಿದೆಯೇ?" ಎಂದು ಕೇಳಿದರು.

"ಪಂಪು ಚೆನ್ನಾಗಿದೆ ಅಪ್ಪ. ನಿಮಿಷಕ್ಕೆ 4,800 ಸುತ್ತು ತೋರಿಸುತ್ತಿದೆ."

"ಮೋಟಾರು ತಿರುಗಿದರೆ ಆಯಿತೇನವ್ವ? ಸಾಲಿನ ಕೊನೆಯ ಗಿಡಕ್ಕೆ ನೀರು ಮುಟ್ಟಬೇಕಲ್ಲ."

ನಮ್ಮ ಅಡಿಕೆ ತೋಟದಲ್ಲಿ ಹನಿ ನೀರಾವರಿ ಇದೆ. ಫಿಲ್ಟರ್ ಕಟ್ಟಿಕೊಂಡರೂ ಮೋಟಾರಿನ ಸದ್ದು ಬದಲಾಗುವುದಿಲ್ಲ. ಅಪ್ಪ ಸಾಲಿನ ತುದಿಯ ಮುಚ್ಚಳ ಬಿಚ್ಚಿ ನೀರಿನ ರಭಸ ನೋಡಿಯೇ ತಿಳಿದುಕೊಳ್ಳುವುದು. ಕಂಪ್ಯೂಟರ್‌ನ ಪಂಪಿನದೂ ಅದೇ ಕಥೆ. ಮುಂದೆ ದಾರಿ ಕಟ್ಟಿದರೆ ಈ ಬಗೆಯ ಪಂಪಿಗೆ ಹೊರೆ ಕಡಿಮೆಯಾಗುತ್ತದೆ, ಸುತ್ತು ಇಳಿಯುವುದಿಲ್ಲ. ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ ತೋರಿಸುವ ಬಯಾಸ್‌ನಲ್ಲಿ 4,800 ಎಂದು ಕಂಡದ್ದನ್ನೇ ನಂಬಿ ನಾನು ಎರಡು ದಿನ ಕಳೆದಿದ್ದೆ.

ಆಮೇಲೆ ನೋಡಬೇಕಾದದ್ದನ್ನು ನೋಡಿದೆ. ಟ್ಯಾಂಕಿನಲ್ಲಿ ನೀರಿನ ಉಷ್ಣಾಂಶ ಅಳೆಯುವ ಸೆನ್ಸರ್ ಇದೆ. ಪ್ರೊಸೆಸರ್ 90ರಲ್ಲಿ ಕುದಿಯುತ್ತಿದ್ದಾಗ ನೀರು ಬರೀ 37 ಡಿಗ್ರಿ, ಕೋಣೆ 34. ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಂಡರೆ ಬಿಸಿ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಗೊತ್ತಾಗುತ್ತದೆ. ನೀರೂ ಬಿಸಿಯಾಗಿ ಪ್ರೊಸೆಸರೂ ಬಿಸಿಯಾಗಿದ್ದರೆ ರೇಡಿಯೇಟರ್, ಫ್ಯಾನು, ಧೂಳು, ಬೇಸಿಗೆ ಇವುಗಳ ಕಡೆ ನೋಡಬೇಕು. ನೀರು ತಣ್ಣಗಿದ್ದು ಪ್ರೊಸೆಸರ್ ಮಾತ್ರ ಕುದಿಯುತ್ತಿದ್ದರೆ ಬಿಸಿ ನೀರಿಗೆ ಇಳಿಯುತ್ತಲೇ ಇಲ್ಲ. ಆಗ ಉಳಿಯುವುದು ಪೇಸ್ಟು, ಬ್ಲಾಕು, ನೀರಿನ ಹರಿವು. ಪೇಸ್ಟು ಆಗಲೇ ಬದಲಿಸಿದ್ದೆ.

ಹರಿವಿನ ಮೀಟರ್ ನನ್ನ ಬಳಿ ಇಲ್ಲ. ಬ್ಲಾಕಿಗೆ ನೀರು ಹೋಗುವ ಟ್ಯೂಬನ್ನು ಒಂದು ಕೈಯಲ್ಲಿ, ಹೊರಬರುವ ಟ್ಯೂಬನ್ನು ಇನ್ನೊಂದು ಕೈಯಲ್ಲಿ ಹಿಡಿದೆ. ಹೋಗುವುದು ಉಗುರುಬೆಚ್ಚಗಿತ್ತು. ಬರುವುದು ಸ್ನಾನದ ನೀರಿನಷ್ಟು ಬಿಸಿ. ಇದು ಸಲ್ಲದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,200 ಜೂಲ್ ಬೇಕು. 142 ವ್ಯಾಟ್ ಎಂದರೆ ನಿಮಿಷಕ್ಕೆ ಸುಮಾರು 8,500 ಜೂಲ್. ನಿಮಿಷಕ್ಕೆ ಎರಡೇ ಲೀಟರ್ ಹರಿದರೂ ಬ್ಲಾಕ್ ದಾಟುವಾಗ ನೀರು ಒಂದು ಡಿಗ್ರಿಯಷ್ಟೇ ಬಿಸಿಯಾಗಬೇಕು, ಕೈಗೆ ಎರಡೂ ಟ್ಯೂಬು ಒಂದೇ ಥರ ಅನಿಸಬೇಕು. ಇಷ್ಟು ವ್ಯತ್ಯಾಸ ಕೈಗೇ ತಿಳಿಯುತ್ತಿದೆ ಎಂದರೆ ನೀರು ಹನಿಹನಿಯಾಗಿ ಹೋಗುತ್ತಿದೆ ಎಂದೇ ಅರ್ಥ.

ನೀರು ಬಸಿದು ಬ್ಲಾಕ್ ಬಿಚ್ಚಿದೆ. ಒಳಗಿನ ತಾಮ್ರದ ತಳದಲ್ಲಿ ಕೂದಲೆಳೆ ಸಂದಿನ ತೆಳು ರೆಕ್ಕೆಗಳು ಸಾಲಾಗಿ ನಿಂತಿರುತ್ತವೆ. ಅವುಗಳ ನಡುವೆ ನೀರು ನುಗ್ಗಿ ಬಿಸಿಯನ್ನು ಹೊತ್ತೊಯ್ಯಬೇಕು. ನನ್ನದರಲ್ಲಿ ನಡುವಿನ ಭಾಗದ ರೆಕ್ಕೆಗಳೇ ಕಾಣುತ್ತಿರಲಿಲ್ಲ. ಹಲಸಿನ ಮೇಣದಂಥ ಬಿಳಿಯ ಅಂಟು ಸಂದುಗಳನ್ನೆಲ್ಲ ತುಂಬಿ ಒಂದು ಚಪ್ಪಟೆ ಹಲಗೆಯಂತೆ ಮಾಡಿತ್ತು. ಉಗುರಿನಿಂದ ಕೆರೆದರೆ ಸುರುಳಿಯಾಗಿ ಎದ್ದು ಬೆರಳಿಗೆ ಮೆತ್ತಿಕೊಂಡಿತು. ಪಾಚಿಯ ವಾಸನೆಯಿಲ್ಲ, ತಾಮ್ರದ ಕಿಲುಬಿನ ಹಸಿರೂ ಇಲ್ಲ. ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಉತ್ತರ ಸಿಕ್ಕಿತು. ಹೊಸತಾಗಿದ್ದಾಗ ಗಾಜಿನಂತಿದ್ದದ್ದು ಈಗ ಗಂಜಿ ಸವರಿದ ಹಾಗೆ ಮಬ್ಬಾಗಿತ್ತು. ಪಾರದರ್ಶಕ ಪಿವಿಸಿ ಟ್ಯೂಬು ಬಳುಕಲೆಂದು ಅದಕ್ಕೆ ಪ್ಲಾಸ್ಟಿಸೈಜರ್ ಎಂಬ ಪದಾರ್ಥ ಬೆರೆಸಿರುತ್ತಾರೆ. ಬೆಚ್ಚನೆಯ ನೀರಿನಲ್ಲಿ ತಿಂಗಳುಗಟ್ಟಲೆ ಇದ್ದರೆ ಅದು ಕರಗಿ ಹೊರಬಂದು ಅತಿ ಕಿರಿದಾದ ಸಂದು ಹುಡುಕಿ ಕೂರುತ್ತದೆ.

ಅಮ್ಮ ಬಂದು ನೋಡಿ, "ತಾಮ್ರ ತಾನೇ, ಹುಣಸೆಹಣ್ಣು ಹಚ್ಚಿ ತಿಕ್ಕಿಬಿಡು" ಎಂದರು. ನಮ್ಮ ಮನೆಯ ಕೊಡಪಾನಗಳೆಲ್ಲ ಹಾಗೆಯೇ ಫಳಫಳ ಹೊಳೆಯುವುದು. ಆದರೆ ಈ ತಾಮ್ರದ ಮೇಲೆ ತೆಳುವಾದ ನಿಕಲ್ ಲೇಪನವಿದೆ, ಹುಳಿ ತಾಗಿಸಲು ನನಗೆ ಧೈರ್ಯ ಬರಲಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ರೆಕ್ಕೆಗಳು ಸಾಗಿದ ದಿಕ್ಕಿನಲ್ಲೇ ಉಜ್ಜಿದೆ. ಅಡ್ಡ ಉಜ್ಜಿದರೆ ರೆಕ್ಕೆಗಳು ಬಾಗುತ್ತವೆ. ನಾಲ್ಕು ಸಲ ನೀರು ಬದಲಿಸಿದ ಮೇಲೆ ಬೆಳಕು ಸಂದುಗಳ ತಳ ಮುಟ್ಟಿತು.

ಹಳೆಯ ಟ್ಯೂಬನ್ನೆಲ್ಲ ಎಸೆದು ಕಪ್ಪು ಇಪಿಡಿಎಂ ರಬ್ಬರ್ ಟ್ಯೂಬು ತರಿಸಿದೆ. ಒಳಗೆ ನೀರು ಹರಿಯುವುದು ಕಾಣುವುದಿಲ್ಲ, ನೋಟಕ್ಕೆ ಅಷ್ಟು ಚಂದವೂ ಅಲ್ಲ. ಆದರೆ ಈ ಅಂಟು ಬಿಡುವ ಕಾಟ ಅದಕ್ಕಿಲ್ಲ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು ರೇಡಿಯೇಟರನ್ನು ಹೊರಬರುವ ನೀರು ತಿಳಿಯಾಗುವವರೆಗೆ ತೊಳೆದೆ, ಅದೇ ನೀರಿಗೆ ತುಕ್ಕು ಮತ್ತು ಪಾಚಿ ತಡೆಯುವ ಬಣ್ಣವಿಲ್ಲದ ಕೂಲೆಂಟ್ ಬೆರೆಸಿ ತುಂಬಿದೆ. ನಲ್ಲಿಯ ನೀರಾಗಲಿ ಬೋರ್‌ವೆಲ್ ನೀರಾಗಲಿ ಇದಕ್ಕೆ ಬೇಡವೇ ಬೇಡ. ನಮ್ಮ ಬೋರ್‌ವೆಲ್ ನೀರು ಗೀಸರ್‌ನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವನ್ನು ನೋಡಿದ್ದೇನೆ.

ಬ್ಲಾಕ್ ಮುಚ್ಚುವಾಗ ರಬ್ಬರ್ ರಿಂಗ್ ತಿರುಚಿಕೊಳ್ಳದೆ ಅದರ ತೋಡಿನಲ್ಲಿ ಸರಿಯಾಗಿ ಕೂರಬೇಕು. ಎರಡು ಬಾರಿ ತೆಗೆದು ಕೂರಿಸಿದೆ. ಆಮೇಲೆ ಮದರ್‌ಬೋರ್ಡಿನ ವೈರುಗಳನ್ನೆಲ್ಲ ಬಿಚ್ಚಿ, ಎಸ್‌ಎಂಪಿಎಸ್‌ನ (ವಿದ್ಯುತ್ ಒದಗಿಸುವ ಡಬ್ಬಿ) 24 ಪಿನ್ ಕನೆಕ್ಟರಿಗೆ ಜಂಪರ್ ತಂತಿ ಹಾಕಿ ಪಂಪನ್ನು ಮಾತ್ರ ಓಡಿಸಿದೆ. ಪ್ರತಿ ಫಿಟ್ಟಿಂಗ್ ಕೆಳಗೂ ಟಿಶ್ಯೂ ಕಾಗದ ಇಟ್ಟು ಇಡೀ ರಾತ್ರಿ ಬಿಟ್ಟೆ. ಮೊದಮೊದಲು ರೇಡಿಯೇಟರಿನೊಳಗೆ ಗುಳುಗುಳು ಸದ್ದು. ಕ್ಯಾಬಿನೆಟ್ಟನ್ನು ಎಡಕ್ಕೂ ಬಲಕ್ಕೂ ವಾಲಿಸಿದಂತೆ ಗಾಳಿಯ ಗುಳ್ಳೆಗಳು ಟ್ಯಾಂಕಿಗೆ ಬಂದು ಒಡೆದವು. ಟ್ಯಾಂಕಿನಲ್ಲಿ ನೀರು ಸುಳಿಯಾಗಿ ತಿರುಗುತ್ತಿತ್ತು. ಆ ಸುಳಿ ಯಾವಾಗ ನಿಂತುಹೋಗಿತ್ತೋ ನಾನು ಗಮನಿಸಿರಲೇ ಇಲ್ಲ.

ಬೆಳಿಗ್ಗೆ ಟಿಶ್ಯೂ ಎಲ್ಲವೂ ಒಣಗಿದ್ದವು. ಅದೇ ರೆಂಡರ್ ಮತ್ತೆ ಹಾಕಿದೆ. ಅರ್ಧ ಗಂಟೆಯ ನಂತರ ಕೋಣೆ 34, ನೀರು 42, ಪ್ರೊಸೆಸರ್ 73 ಡಿಗ್ರಿ. ನೀರು ಮೊದಲಿಗಿಂತ ಬಿಸಿಯಾಗಿತ್ತು, ಅದನ್ನು ಕಂಡು ನನಗೆ ಖುಷಿಯಾಯಿತು. ಪ್ರೊಸೆಸರ್‌ನಲ್ಲಿ ಸಿಕ್ಕಿಬಿದ್ದಿದ್ದ ಬಿಸಿ ಈಗ ನೀರಿಗೆ ಇಳಿದು ರೇಡಿಯೇಟರ್‌ಗೆ ಬರುತ್ತಿತ್ತು. ಫ್ಯಾನುಗಳ ವೇಗವನ್ನೂ ಪ್ರೊಸೆಸರ್‌ ಬದಲು ನೀರಿನ ಉಷ್ಣಾಂಶಕ್ಕೆ ಹೊಂದಿಸಿದ್ದೇನೆ. ಹೀಗೆ ಮಾಡಿದ ಮೇಲೆ ಅವು ಕ್ಷಣಕ್ಷಣಕ್ಕೂ ಏರಿಳಿಯುವುದಿಲ್ಲ.

ಟ್ಯಾಂಕಿನ ಮೇಲೆ ಮಾರ್ಕರ್‌ನಿಂದ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿದ್ದೆ. ಒಂದು ವಾರದಲ್ಲಿ ಮಟ್ಟ ಒಂದು ಅಕ್ಕಿಕಾಳಿನ ಉದ್ದದಷ್ಟು ಇಳಿದಿತ್ತು, ಒಳಗೆ ಉಳಿದಿದ್ದ ಗಾಳಿ ಹೊರಬಂದದ್ದರಿಂದ. ಮೊನ್ನೆ ಭಾನುವಾರ ಅಷ್ಟು ನೀರು ತುಂಬಿಸಿ, ಎರಡೂ ಟ್ಯೂಬು ಮತ್ತೊಮ್ಮೆ ಮುಟ್ಟಿ ನೋಡಿ, ಕ್ಯಾಬಿನೆಟ್‌ನ ಮುಚ್ಚಳ ಹಾಕಿದೆ. ಮೂರು ಮದುವೆಗಳಲ್ಲಿ ಎರಡರ ಪೆನ್‌ಡ್ರೈವ್ ಆಗಲೇ ಅವರವರ ಮನೆ ಸೇರಿದೆ.